ನಿಮ್ಮ ಕಡೆ ಮಾತಿಗೆ ಪುಸ್ತಕ ಇದ್ಯಾ?

ಗೆಳತಿಯೊಬ್ಬಳು ಭಾಷಾವಿಜ್ಞಾನದಲ್ಲಿ ಪಿಎಚ್‌ಡಿ ಮಾಡ್ತಿದ್ದಾಳೆ. ಮಂಡ್ಯದ ಕಡೆಯವಳು. ಅವಳ ಗೈಡು ‘ಮಲೆನಾಡಿನ ಮಾತು ತಗೊಳಮ್ಮ, ಆ ಕಡೆ ಮಾಡೋ ಕೆಲಸ ಬೇಕಾದಷ್ಟಿದೆ’ ಅಂದರಂತೆ. ಒಂದು ರಾತ್ರಿ ಹನ್ನೊಂದು ಗಂಟೆಗೆ ವಾಟ್ಸ್ಯಾಪಿನಲ್ಲಿ ಮೂರು ಪ್ರಶ್ನೆ ಕಳಿಸಿದ್ಲು. ಒಂದು, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಆಡುಮಾತಿನ ಬಗ್ಗೆ ಯಾವ ಪುಸ್ತಕ ಇದೆ? ಎರಡು, ಹಳೇ ರೆಕಾರ್ಡಿಂಗ್ ಯಾರ ಹತ್ರ ಸಿಗತ್ತೆ? ಮೂರು, ರೆಕಾರ್ಡ್ ಮಾಡಿದ್ದನ್ನ ಬರಹಕ್ಕೆ ಇಳಿಸೋಕೆ ಯಾವ ಟೂಲ್ ಒಳ್ಳೇದು?

ನಾನು ಭಾಷಾವಿಜ್ಞಾನಿ ಅಲ್ಲ. ಬೆಂಗಳೂರಿನಲ್ಲಿ ಕೋಡ್ ಬರೆದು ಹೊಟ್ಟೆ ಹೊರೆಯೋನು. ಆದ್ರೆ ಊರು ಹೊಸನಗರ ತಾಲ್ಲೂಕು, ಅಮ್ಮಮ್ಮನ ಮನೆ ಸಾಗರದ ಕಡೆ, ಪಿಯುಸಿ ಓದಿದ್ದು ತೀರ್ಥಹಳ್ಳಿಯಲ್ಲಿ. ಮೂರೂ ತಾಲ್ಲೂಕು ನಂದೇ ಅನ್ನೋ ಜಂಬದಲ್ಲಿ ‘ಒಂದ್ ವಾರ ಟೈಮ್ ಕೊಡು’ ಅಂದೆ. ನಾಲ್ಕು ತಿಂಗಳಾಯ್ತು. ಈ ನಾಲ್ಕು ತಿಂಗಳಲ್ಲಿ ಸಿಕ್ಕಿದ್ದೇನು, ಸಿಕ್ಕಿದ್ದರಲ್ಲಿ ಉಪಯೋಗಕ್ಕೆ ಬಂದದ್ದೇನು, ಯಾವುದು ಯಾಕೆ ಕೈಕೊಟ್ಟಿತು ಅನ್ನೋದರ ಲೆಕ್ಕ ಇದು. ಒಂದು ಪುಸ್ತಕದ ವಿಮರ್ಶೆ ಅಲ್ಲ, ಒಂದು ಕಪಾಟಿನ ವಿಮರ್ಶೆ ಅಂದುಕೊಳ್ಳಿ.

ಮೊದಲು ಕೈ ಹಾಕಿದ್ದು ಎಲ್ಲರೂ ಕೈ ಹಾಕೋ ಕಡೆಗೇ. ಗ್ರಿಯರ್ಸನ್ನರ ಭಾರತೀಯ ಭಾಷಾ ಸಮೀಕ್ಷೆ. ಬ್ರಿಟಿಷರ ಕಾಲದ ದೊಡ್ಡ ಕೆಲಸ, 1903ರಿಂದ 1928ರವರೆಗೆ ಸಂಪುಟಗಳು ಬಂದವು. ದ್ರಾವಿಡ ಭಾಷೆಗಳಿರೋ ನಾಲ್ಕನೇ ಸಂಪುಟ 1906ರದ್ದು. ಅದರಲ್ಲಿ ಕನ್ನಡವೂ ಇದೆ. ಆದ್ರೆ ಆ ಸಮೀಕ್ಷೆ ಮದ್ರಾಸ್ ಪ್ರಾಂತ್ಯವನ್ನಾಗಲೀ ಮೈಸೂರು ಸಂಸ್ಥಾನವನ್ನಾಗಲೀ ಹೈದರಾಬಾದನ್ನಾಗಲೀ ಮುಟ್ಟಲಿಲ್ಲ. ಮುಂಬಯಿ ಪ್ರಾಂತ್ಯದ ಕನ್ನಡ ಮಾತ್ರ ಅದಕ್ಕೆ ಸುಲಭವಾಗಿ ಸಿಕ್ಕಿತು. ನಮ್ಮ ಪಕ್ಕದ ಉತ್ತರ ಕನ್ನಡ ಆಗ ಮುಂಬಯಿಗೆ ಸೇರಿತ್ತು. ನಾವು ಮೈಸೂರಿನವರು. ಜೋಗದಲ್ಲಿ ಶರಾವತಿಯ ಆ ದಡ ಸಿದ್ದಾಪುರ, ಈ ದಡ ಸಾಗರ. ಮಾತು ಎರಡೂ ದಡದಲ್ಲಿ ಹೆಚ್ಚುಕಮ್ಮಿ ಒಂದೇ, ನೆಂಟಸ್ತಿಕೆಯೂ ಒಂದೇ. ಸರ್ಕಾರದ ಕಡತ ಮಾತ್ರ ಬೇರೆ. ಹಂಗಾಗಿ ಸಮೀಕ್ಷೆ ಆ ದಡದಲ್ಲೇ ನಿಂತಿತು.

‘ಸರಿ, ಅದು ಹಳೇ ಕಥೆ. ಸ್ವಾತಂತ್ರ್ಯ ಬಂದ ಮೇಲೆ?’ ಅಂದ್ಲು ಗೆಳತಿ.

ಸ್ವಾತಂತ್ರ್ಯ ಬಂದ ಮೇಲೆ ನಿಜಕ್ಕೂ ಒಂದು ಒಳ್ಳೆ ಕಾಲ ಬಂತು. 1950ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ, ರಾಕ್‌ಫೆಲರ್ ಫೌಂಡೇಶನ್ನಿನ ನೆರವಿನಲ್ಲಿ, ಭಾಷಾವಿಜ್ಞಾನದ ಬೇಸಿಗೆ ಶಾಲೆಗಳು ಶುರುವಾದವು. ದೇಶದ ಮೂಲೆಮೂಲೆಯ ಮೇಷ್ಟ್ರುಗಳು ಅಲ್ಲಿ ಸೇರಿ, ಮಾತನ್ನ ಕಿವಿಯಿಂದ ಕೇಳಿ ಬರೆಯೋದು ಹ್ಯಾಗೆ ಅಂತ ಕಲಿತರು. 1958ರಲ್ಲಿ ವಿಲಿಯಂ ಬ್ರೈಟ್ ಬರೆದ ಆಡುಗನ್ನಡದ ರೂಪರೇಖೆ ಬಂದದ್ದು ಅಲ್ಲಿಂದಲೇ. ಆಮೇಲೆ ಅರವತ್ತರ ದಶಕದ ಕೊನೆಯ ಹೊತ್ತಿಗೆ ಸಣ್ಣಸಣ್ಣ ಪುಸ್ತಕಗಳ ಸಾಲು: ಎ. ಎಸ್. ಆಚಾರ್ಯರ ಹಾಲಕ್ಕಿ ಕನ್ನಡ, ಯು. ಪಿ. ಉಪಾಧ್ಯಾಯರ ನಂಜನಗೂಡು ಕನ್ನಡ, ಆರ್. ಮಹಾದೇವನ್ನರ ಗುಲ್ಬರ್ಗ ಕನ್ನಡ. ಅಣ್ಣಾಮಲೈ ವಿಶ್ವವಿದ್ಯಾಲಯದಿಂದ ಕೆ. ಕುಶಾಲಪ್ಪ ಗೌಡರ ಗೌಡ ಕನ್ನಡ. 1971ರಲ್ಲಿ ಡಿ. ಎನ್. ಶಂಕರ ಭಟ್ಟರು ಬರೆದ ಉತ್ತರ ಕನ್ನಡದ ಹವ್ಯಕ ಉಪಭಾಷೆಯ ಪುಸ್ತಕ.

ಗಮನಿಸಿ, ಮತ್ತೆ ಉತ್ತರ ಕನ್ನಡ. ಎರಡನೇ ಸಲವೂ ಪುಸ್ತಕದ ಹೆಸರು ಜೋಗದ ಆ ದಡದಲ್ಲೇ ನಿಂತಿತು.

ಇದನ್ನ ದೂರು ಅಂತ ಹೇಳ್ತಿಲ್ಲ. ಶಂಕರ ಭಟ್ಟರ ಪುಸ್ತಕ ಇಲ್ಲದಿದ್ರೆ ನಮ್ಮ ಹತ್ರ ಕೈಯಲ್ಲಿ ಹಿಡಿಯೋಕೆ ಒಂದು ದಾರವೂ ಇರ್ತಿರಲಿಲ್ಲ. ಇವತ್ತು ಹುಡುಗರಿಗೆ ಭಟ್ಟರು ಗೊತ್ತಿರೋದು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಬರೆದವರು, ಮಹಾಪ್ರಾಣ ಬೇಡ ಅಂದವರು ಅಂತ. ಫೇಸ್‌ಬುಕ್ಕಿನಲ್ಲಿ ಜಗಳ ಆಡೋಕೆ ಅಷ್ಟು ಸಾಕು. ಆದ್ರೆ ಅದಕ್ಕೂ ಮೂವತ್ತು ವರ್ಷ ಮುಂಚೆ ಆ ಮನುಷ್ಯ ಕೊರಗರ ಮಾತು, ತುಳು, ಬೋಡೊ, ಹವ್ಯಕ ಅಂತ ಒಂದೊಂದನ್ನೇ ಕೂತು ಕೇಳಿ ಬರೆದಿಟ್ಟಿದ್ರು. ಮುಂದೆ 2005ರಲ್ಲಿ ಜಗತ್ತಿನ ಭಾಷೆಗಳ ರಚನೆಯ ದೊಡ್ಡ ಅಟ್ಲಾಸ್ ಬಂದಾಗ, ‘ಅವನು, ಅವಳು, ಅದು’ ಥರದ ಸರ್ವನಾಮಗಳ ಬಗೆಗಿನ ಅಧ್ಯಾಯ ಬರೆದದ್ದು ಇವರೇ. ಹವ್ಯಕರ ಮನೆಯಲ್ಲಿ ಹೆಂಗಸರನ್ನ ‘ಅವಳು’ ಅನ್ನದೆ ‘ಅದು ಬಂತು’ ಅಂತಾರೆ ಅನ್ನೋದು ನಿಮಗೆ ಗೊತ್ತಿರಬಹುದು. ನಮ್ಮನೆಗೆ ಬಂದ ಬೆಂಗಳೂರಿನ ಸೊಸೆಯರೆಲ್ಲ ಮೊದಲ ವಾರ ಮುಖ ಊದಿಸಿಕೊಂಡು ಕೂತದ್ದು ಇದೇ ಕಾರಣಕ್ಕೆ. ಬೈಗುಳ ಅಲ್ಲ ಕಣ್ರೀ, ವ್ಯಾಕರಣ.

ಹಂಗಾದ್ರೆ ಈ ಪುಸ್ತಕಗಳಲ್ಲಿ ನನಗೆ ತಕರಾರು ಇರೋದು ಎಲ್ಲಿ? ಅವುಗಳ ಅಚ್ಚಿನಲ್ಲಿ. ಒಂದು ಪುಸ್ತಕಕ್ಕೆ ಒಂದು ಊರು, ಒಂದು ಜಾತಿ. ನಂಜನಗೂಡು ಅಂದ್ರೆ ಒಕ್ಕಲಿಗರ ಮಾತು, ಗುಲ್ಬರ್ಗ ಅಂದ್ರೆ ಬ್ರಾಹ್ಮಣರ ಮಾತು, ಉತ್ತರ ಕನ್ನಡ ಅಂದ್ರೆ ಹವ್ಯಕರದ್ದು ಇಲ್ಲಾ ಹಾಲಕ್ಕಿಗಳದ್ದು. ಇದಕ್ಕೆ ಕಾರಣ ಇತ್ತು. ಕನ್ನಡದಲ್ಲಿ ಜಾತಿಗೊಂದು ಮಾತಿದೆ ಅನ್ನೋದನ್ನ 1960ರ ಹೊತ್ತಿಗೆ ಬ್ರೈಟ್ ತೋರಿಸಿದ್ರು, ಧಾರವಾಡದ ಬಗ್ಗೆ ಮೆಕ್‌ಕಾರ್ಮ್ಯಾಕ್ ತೋರಿಸಿದ್ರು. ಅದು ನಿಜವೇ. ಆದ್ರೆ ನಮ್ಮ ಕಡೆ ಅಡಿಕೆ ಕೊಯ್ಲಿನ ಅಂಗಳದಲ್ಲಿ ಒಂದು ಜಾತಿ ಒಂದೇ ಕೂತು ಮಾತಾಡಲ್ಲ. ಕೊನೆಗೌಡ ಮರದ ಮೇಲಿಂದ ಕೂಗ್ತಾನೆ, ಕೆಳಗೆ ನೇಣು ಹಿಡಿದವನು ಉತ್ತರ ಕೊಡ್ತಾನೆ. ರಾತ್ರಿ ಮೆಟ್ಟುಗತ್ತಿ ಮುಂದೆ ಸಾಲಾಗಿ ಕೂತು ಸುಲಿಯೋ ಹೆಂಗಸರು ದೀವರ ಮನೆಯವರು, ಚೊಗರಿನ ಹಂಡೆ ಹತ್ರ ನಿಂತಿರೋದು ಅಪ್ಪಯ್ಯ, ಕಾಫಿ ತರೋದು ಅತ್ತೆ. ಅತ್ತೆ ಅಡುಗೆಮನೆಯಲ್ಲಿ ಆಡೋ ಮಾತು ಬೇರೆ, ಅಂಗಳಕ್ಕೆ ಬಂದು ಅವರ ಜೊತೆ ಆಡೋ ಮಾತು ಬೇರೆ. ಅವರೂ ಹಂಗೇ, ತಮ್ಮತಮ್ಮಲ್ಲಿ ಒಂದು, ಅತ್ತೆ ಜೊತೆ ಇನ್ನೊಂದು. ಈ ಅಂಗಳದ ಮಾತು ಯಾವ ಜಾತಿಯದ್ದೂ ಅಲ್ಲ. ಒಂದು ಊರು, ಒಂದು ಜಾತಿ ಅನ್ನೋ ಅಚ್ಚಿನಲ್ಲಿ ಅದಕ್ಕೆ ಜಾಗವೇ ಇಲ್ಲ.

ಇನ್ನೊಂದು ವಿಷಯ. ಆ ಸಾಲಿನಲ್ಲಿ ನಮ್ಮ ಮನೆಮಾತಿಗೆ ಒಂದು ಪುಸ್ತಕ ಇದೆ. ಮೆಟ್ಟುಗತ್ತಿ ಮುಂದೆ ಕೂತವರ ಮಾತು ಹುಡುಕಿದಾಗ ನನ್ನ ಕೈಗೆ ಅಂಥದ್ದು ಸಿಗಲಿಲ್ಲ. ಇದನ್ನ ನಾನು ಗೆಳತಿಗೆ ಹೇಳುವಾಗ ಸ್ವಲ್ಪ ಗಂಟಲು ಕಟ್ಟಿತು ಅನ್ನೋದು ನಿಜ.

ಮುಂದಿನದು ಒಂದು ತಮಾಷೆಯ ಕಾಕತಾಳೀಯ. 1967ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಇಬ್ಬರದ್ದು ಒಂದೊಂದು ಪುಸ್ತಕ ಬಂತು. ಒಂದು, ಕುಪ್ಪಳಿಯ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. ಇನ್ನೊಂದು, ಹಾರೋಗದ್ದೆಯ ಹಾ. ಮಾ. ನಾಯಕರು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಮಾಡಿದ ಸಂಶೋಧನೆಯ ಪುಸ್ತಕರೂಪ: ಬರಹದ ಕನ್ನಡ, ಆಡುಗನ್ನಡ, ಈ ಎರಡು ಶೈಲಿಗಳ ಅಧ್ಯಯನ. ಹಾಮಾನಾ ಅಂದ್ರೆ ನಮ್ಮಂಥ ಅಂಕಣದ ಓದುಗರಿಗೆ ಮನೆದೇವರು ಇದ್ದ ಹಾಗೆ. ಅವರ ಅಂಕಣ ಬರಹಗಳ ‘ಸಂಪ್ರತಿ’ಗೆ 1989ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂತು. ಆ ಅಂಕಣಕಾರ ಮೂಲತಃ ಭಾಷಾವಿಜ್ಞಾನಿ ಅನ್ನೋದನ್ನ ನಾವು ಮರೆತೇಬಿಟ್ಟಿದ್ದೀವಿ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹಾಮಾನಾ ಅವರ ಪ್ರಶ್ನೆ ಆ ಕಾಲದ ಬಿಸಿಬಿಸಿ ಪ್ರಶ್ನೆ. ಬರೆಯೋ ಮಾತು ಒಂದು, ಆಡೋ ಮಾತು ಒಂದು, ಎರಡೂ ಒಂದೇ ಸಮಾಜದಲ್ಲಿ ಬೇರೆಬೇರೆ ಕೆಲಸಕ್ಕೆ ಬಳಕೆ ಆಗತ್ತೆ ಅನ್ನೋದನ್ನ ಫರ್ಗ್ಯುಸನ್ 1959ರಲ್ಲಿ ಒಂದು ಪ್ರಸಿದ್ಧ ಲೇಖನದಲ್ಲಿ ಹೇಳಿದ್ದ. ಕನ್ನಡದಲ್ಲಿ ಅದು ಹ್ಯಾಗಿದೆ ಅಂತ ನೋಡೋದು ದೊಡ್ಡ ಕೆಲಸವೇ. ಆದ್ರೆ ‘ಎರಡು’ ಅನ್ನೋ ಲೆಕ್ಕ ಮಲೆನಾಡಿನ ಮಗುವಿಗೆ ಸಾಲಲ್ಲ. ನನ್ನನ್ನೇ ತಗೊಳ್ಳಿ. ಮನೆಯಲ್ಲಿ ಒಂದು, ಅಂಗಳದಲ್ಲಿ ಒಂದು, ಶಾಲೆಯ ಪುಸ್ತಕದಲ್ಲಿ ಒಂದು, ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಒಂದು, ಈಗ ಬೆಂಗಳೂರಿನ ಆಫೀಸಿನಲ್ಲಿ ಇನ್ನೊಂದು. ನಾನು ಈ ಲೇಖನ ಬರೀತಿರೋ ಕನ್ನಡ ಆರನೆಯದು.

ಕುವೆಂಪು ಕಾದಂಬರಿಯಲ್ಲಿ ಈ ಲೆಕ್ಕ ಸರಿಯಾಗಿದೆ. ನಾಯಿಗುತ್ತಿ ಹೆಗ್ಗಡೆಯವರ ಮುಂದೆ ಒಂದು ಥರ ಮಾತಾಡ್ತಾನೆ, ತಿಮ್ಮಿ ಹತ್ರ ಇನ್ನೊಂದು ಥರ, ಹುಲಿಯ ಅನ್ನೋ ತನ್ನ ನಾಯಿ ಹತ್ರ ಮತ್ತೊಂದು ಥರ. ಯಾರು ಯಾರ ಮುಂದೆ ಹ್ಯಾಗೆ ಮಾತು ಬದಲಿಸ್ತಾರೆ ಅನ್ನೋದು ಅಲ್ಲಿ ಪುಟಪುಟಕ್ಕೂ ಇದೆ. ಅಂಗಳದ ಮಾತಿಗೆ ನನಗೆ ಸಿಕ್ಕ ಒಳ್ಳೇ ಆಕರ ಇದೇ. ಹಾಗಂತ ಗೆಳತಿಗೆ ‘ಇದೇ ನಿನ್ನ ಡೇಟಾ’ ಅಂತ ಹೇಳೋಕೆ ಆಗತ್ತಾ? ಇಲ್ಲ. ಕಾದಂಬರಿಯ ಕಾಲ ಹತ್ತೊಂಬತ್ತನೇ ಶತಮಾನದ ಕೊನೆ, ಬಂದದ್ದು 1967. ಮಧ್ಯೆ ಇರೋದು ಒಬ್ಬ ದೊಡ್ಡ ಲೇಖಕನ ಕಿವಿ. ಕಿವಿ ಎಷ್ಟೇ ಚುರುಕಾಗಿರಲಿ, ಅದು ಆರಿಸತ್ತೆ, ತಿದ್ದತ್ತೆ, ಓದುಗನಿಗೆ ಅರ್ಥವಾಗಲಿ ಅಂತ ಅಲ್ಲಲ್ಲಿ ಮೆತ್ತಗೆ ಮಾಡತ್ತೆ. ಕಾದಂಬರಿ ಯಾವ ಪ್ರಶ್ನೆ ಕೇಳಬೇಕು ಅಂತ ಹೇಳಿಕೊಡತ್ತೆ. ಉತ್ತರಕ್ಕೆ ಅಂಗಳಕ್ಕೇ ಹೋಗಬೇಕು.

ಈ ಹುಡುಕಾಟದಲ್ಲಿ ನನಗೆ ತುಂಬಾ ಇಷ್ಟವಾದ ಪುಸ್ತಕ ಬೇರೆಯದು. ಬರೋ ಮತ್ತು ಎಮೆನೊ ಅವರ ದ್ರಾವಿಡ ನಿಷ್ಪತ್ತಿ ಕೋಶ. ಮೊದಲ ಮುದ್ರಣ 1961, ಪರಿಷ್ಕರಿಸಿದ್ದು 1984. ಒಬ್ಬರು ಆಕ್ಸ್‌ಫರ್ಡಿನಲ್ಲಿ, ಒಬ್ಬರು ಬರ್ಕ್ಲಿಯಲ್ಲಿ. ಐದೂವರೆ ಸಾವಿರಕ್ಕೂ ಹೆಚ್ಚು ನಮೂದು. ಒಂದೊಂದರಲ್ಲೂ ತಮಿಳು, ಮಲಯಾಳ, ಕೊಡವ, ತುಳು, ತೆಲುಗು, ಗೊಂಡಿ ಅಂತ ಅಕ್ಕತಂಗಿ ಪದಗಳು ಸಾಲಾಗಿ ನಿಂತಿರ್ತವೆ. ಷಿಕಾಗೊ ವಿಶ್ವವಿದ್ಯಾಲಯದವರು ಅದನ್ನ ಯಾರು ಬೇಕಾದ್ರೂ ಹುಡುಕೋ ಹಾಗೆ ಇಟ್ಟಿದ್ದಾರೆ. ನಾನು ಒಂದು ಭಾನುವಾರ ಪೂರ್ತಿ ಅದರಲ್ಲಿ ಕಳೆದೆ. ಕನ್ನಡ ಪದದ ಪಕ್ಕದ ಕಂಸಗಳನ್ನ ನೋಡ್ತಾ ಹೋಗಿ. ‘ಹವ್.’ ಅಂತ ಇದ್ರೆ ಹವ್ಯಕ. ಕೆಲವು ಕಡೆ ನಂಜನಗೂಡು, ಕೆಲವು ಕಡೆ ಹಾಲಕ್ಕಿ, ಕೆಲವು ಕಡೆ ‘ಯು.ಪಿ.ಯು.’ ಅಂತ ಒಬ್ಬ ಮನುಷ್ಯನ ಇನಿಶಿಯಲ್ಲು. ಅದು ಯು. ಪಿ. ಉಪಾಧ್ಯಾಯರು. ಮುಂದೆ ಉಡುಪಿಯಲ್ಲಿ ಆರು ಸಂಪುಟದ ತುಳು ನಿಘಂಟು ಮಾಡಿಸಿದವರು.

ಆ ಕಂಸಗಳೇ ಈ ಲೇಖನದ ಮುಖ್ಯ ಮಾತು. ಆಕ್ಸ್‌ಫರ್ಡಿನ ಪ್ರೊಫೆಸರಿಗೆ ಸಾಗರದ ಆಚೆ ದಡದ ಅಡುಗೆಮನೆಯ ಪದ ಹ್ಯಾಗೆ ತಲುಪಿತು? ಯಾರೋ ಕೇಳಿದ್ರು, ಯಾರೋ ಕೊಟ್ಟರು, ತಗೊಂಡವರು ಕೊಟ್ಟವರ ಗುರುತನ್ನ ಅಲ್ಲೇ, ಪದದ ಪಕ್ಕದಲ್ಲೇ ಬರೆದಿಟ್ಟರು. ವಿದ್ವತ್ತು ಅಂದ್ರೆ ಬುದ್ಧಿವಂತಿಕೆ ಅಂತ ನಾನು ತಿಳಿದಿದ್ದೆ. ಅದರಲ್ಲಿ ಅರ್ಧ ಭಾಗ ಕೇಳೋದು, ಕೊಡೋದು, ಯಾರು ಕೊಟ್ಟರು ಅಂತ ಮರೆಯದೇ ಇರೋದು.

ಇದು ನಮ್ಮಲ್ಲಿ ಎಷ್ಟಿದೆ? ನನಗಾದ ಎರಡು ಅನುಭವ ಹೇಳ್ತೀನಿ.

ಒಬ್ಬ ಹಿರಿಯ ಮೇಷ್ಟ್ರ ಹತ್ರ ಎಂಬತ್ತರ ದಶಕದ ಕ್ಯಾಸೆಟ್ಟುಗಳಿವೆ, ನಮ್ಮ ಕಡೆಯ ಮಾತಿನದ್ದೇ, ಅಂತ ಗೊತ್ತಾಯ್ತು. ಫೋನ್ ಮಾಡಿದೆ. ‘ನೋಡೋಣ’ ಅಂದ್ರು. ಮತ್ತೆ ಮಾಡಿದೆ. ‘ನಂದೇ ಒಂದು ಪುಸ್ತಕ ಆಗಬೇಕು, ಆಮೇಲೆ’ ಅಂದ್ರು. ಮೂರನೇ ಸಲ ನಾನು ಸ್ವಲ್ಪ ಖಾರವಾಗೇ ‘ಸಾರ್, ಕ್ಯಾಸೆಟ್ಟು ಹಾಳಾಗತ್ತೆ, ಡಿಜಿಟೈಸ್ ಮಾಡಿಕೊಡ್ತೀನಿ’ ಅಂದೆ. ಆಗ ಅವರು ಹೇಳಿದ್ದು: ಹಿಂದೆ ಒಮ್ಮೆ ಐನೂರು ಪದದ ಪಟ್ಟಿಯನ್ನ ಒಬ್ಬರಿಗೆ ನಂಬಿ ಕೊಟ್ಟಿದ್ರಂತೆ. ಅದು ಮುಂದೆ ಪುಸ್ತಕವೊಂದರ ಹಿಂಬದಿಯಲ್ಲಿ ಅಚ್ಚಾಯ್ತು. ಇವರ ಹೆಸರು ಎಲ್ಲೂ ಇರಲಿಲ್ಲ. ನಾನು ಸುಮ್ಮನಾದೆ. ಅವರನ್ನ ಜಿಪುಣ ಅಂತ ಕರೆಯೋದು ಸುಲಭ. ಒಂದು ಕಂಸ ಬಿಟ್ಟವರು ಆ ಜಿಪುಣತನವನ್ನ ಹುಟ್ಟಿಸಿದ್ರು. ಅದರ ಶಿಕ್ಷೆ ಈಗ ನನ್ನ ಗೆಳತಿಗೆ.

ಇನ್ನೊಬ್ಬರು ಸಾಗರದ ಹತ್ತಿರದ ನಿವೃತ್ತ ಮೇಷ್ಟ್ರು. ನಾನು ಹೋದಾಗ ಮಳೆ. ಜಗಲಿಯಲ್ಲಿ ಕೂರಿಸಿ ಕಷಾಯ ಕೊಟ್ಟು, ಒಳಗಿಂದ ಟ್ರಂಕು ತಂದ್ರು. ಅದರಲ್ಲಿ ಹಾಮಾನಾ ಪುಸ್ತಕದ ಜೆರಾಕ್ಸು, ಪದಗಳ ನಾಲ್ಕು ನೋಟ್‌ಬುಕ್ಕು, ಜೊತೆಗೆ ಒಂದು ರಿಜಿಸ್ಟರು. ಯಾರು ಯಾವಾಗ ಏನು ತಗೊಂಡು ಹೋದ್ರು, ಯಾವಾಗ ವಾಪಸ್ ಕೊಟ್ರು, ಎಲ್ಲ. ‘ತಗಂಡ್ ಹೋಗು ಮಾರಾಯ. ಬರಿ ಇಲ್ಲಿ. ವಾಪಸ್ ತರದಿದ್ರೆ ನಿಮ್ಮಪ್ಪಂಗೆ ಹೇಳ್ತೆ’ ಅಂದ್ರು. ನಾನು ನಲವತ್ತರ ಹತ್ತಿರ ಇರೋ ಮನುಷ್ಯ. ಆದ್ರೂ ಹೆದರಿಕೆ ಆಯ್ತು, ವಾಪಸ್ ಕೊಟ್ಟೆ. ನಮ್ಮ ಮೂರು ತಾಲ್ಲೂಕಿನ ಅತ್ಯುತ್ತಮ ಭಾಷಾವಿಜ್ಞಾನದ ಲೈಬ್ರರಿ ಸದ್ಯಕ್ಕೆ ಒಂದು ಟ್ರಂಕು. ಇದು ಹೆಮ್ಮೆಯೂ ಹೌದು, ಭಯವೂ ಹೌದು. ಟ್ರಂಕಿಗೆ ವಯಸ್ಸು ಎಪ್ಪತ್ತೆಂಟು.

ಈಗ ಟೂಲ್ ವಿಷಯ. ಇದು ನನ್ನ ಏರಿಯಾ ಅಂದುಕೊಂಡಿದ್ದೆ.

ಒಳ್ಳೆ ಸುದ್ದಿ ಏನಂದ್ರೆ ಮುಖ್ಯವಾದ ಎರಡು ಟೂಲುಗಳು ಪುಕ್ಕಟೆ. ದನಿಯ ಅಲೆಯನ್ನ ಬಿಡಿಸಿ ತೋರಿಸೋಕೆ ‘ಪ್ರಾಟ್’. ಅದನ್ನ ಕಟ್ಟಿದ್ದು ಆಮ್‌ಸ್ಟರ್‌ಡ್ಯಾಮಿನ ಇಬ್ಬರು ಸಂಶೋಧಕರು. ರೆಕಾರ್ಡಿಂಗಿನ ಜೊತೆಜೊತೆಗೇ ಸಾಲುಸಾಲಾಗಿ ಬರಹ, ಅರ್ಥ, ಟಿಪ್ಪಣಿ ಬರೆಯೋಕೆ ‘ಎಲಾನ್’. ಅದು ನೆದರ್ಲೆಂಡ್ಸಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯದ್ದು. ಎರಡೂ ತಮ್ಮ ಕೆಲಸಕ್ಕೆ ಬೇಕು ಅಂತ ವಿದ್ವಾಂಸರು ಕಟ್ಟಿಕೊಂಡು, ಉಳಿದವರಿಗೂ ಬಿಟ್ಟುಕೊಟ್ಟದ್ದು. ಕನ್ನಡದಲ್ಲಿ ಅಂಥದ್ದೇ ಒಂದು ಉದಾಹರಣೆ ‘ಅಲರ್’. ವಿ. ಕೃಷ್ಣ ಅನ್ನೋರು ಸುಮಾರು ನಾಲ್ಕು ದಶಕ ಒಬ್ಬರೇ ಕೂತು ಮಾಡಿದ ಕನ್ನಡ–ಇಂಗ್ಲಿಷ್ ನಿಘಂಟು, ಒಂದೂವರೆ ಲಕ್ಷ 	ಪದ. 2019ರಲ್ಲಿ ಕೈಲಾಶ್ ನಾಧ್ ಅವರ ನೆರವಿನಲ್ಲಿ ಅದು ಎಲ್ಲರಿಗೂ ಮುಕ್ತವಾಯ್ತು. ವಚನಗಳನ್ನ ಪದ ಹಿಡಿದು ಹುಡುಕೋಕೆ ‘ವಚನ ಸಂಚಯ’ ಇದೆ. ಇನ್ನೊಂದು ಹೊಸ ಸಂತೋಷ: ನಮ್ಮ ಕಡೆಯ ಓಲೆಗರಿಗಳ ತಿಗಳಾರಿ ಲಿಪಿ, ಸಾಗರದ ಕೆಳದಿಯ ಮ್ಯೂಸಿಯಮ್ಮಿಗೆ ಹೋದವರಿಗೆ ಪರಿಚಯ ಇರತ್ತೆ, 2024ರಲ್ಲಿ ‘ತುಳು-ತಿಗಳಾರಿ’ ಅನ್ನೋ ಹೆಸರಲ್ಲಿ ಯೂನಿಕೋಡಿಗೆ ಸೇರಿತು. ಅದರ ಹಿಂದೆ ಹತ್ತು ವರ್ಷಕ್ಕೂ ಮೀರಿದ ಪ್ರಸ್ತಾವ, ಚರ್ಚೆ, ಹೆಸರು ಯಾವುದಿರಬೇಕು ಅನ್ನೋ ಜಗಳ, ಊರೂರಿನ ಹಸ್ತಪ್ರತಿಗಳ ಮಾದರಿ ಎಲ್ಲ ಇದೆ. ಕೇಳೋರು, ಕೊಡೋರು ಇಬ್ಬರೂ ಬಿಡದೇ ಇದ್ರೆ ಕೆಲಸ ಆಗತ್ತೆ ಅನ್ನೋದಕ್ಕೆ ಸಾಕ್ಷಿ.

ಕೆಟ್ಟ ಸುದ್ದಿ ಕೇಳಿ. ಗೆಳತಿಗೆ ಬೇಕಾದ ಒಂದು ಹಳೇ ಪ್ರಬಂಧ ಪಿಡಿಎಫ್ ರೂಪದಲ್ಲಿ ಸಿಕ್ತು. ಖುಷಿಯಾಗಿ ಒಂದು ಪದ ಹುಡುಕಿದ್ರೆ ಸೊನ್ನೆ. ಕಾಪಿ ಮಾಡಿ ಅಂಟಿಸಿದ್ರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಯೂನಿಕೋಡ್ ರೂಢಿಗೆ ಬರೋ ಮುಂಚಿನ ಫಾಂಟಿನಲ್ಲಿ ಟೈಪ್ ಮಾಡಿದ್ದು. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಕಸ. ಕನ್ವರ್ಟರ್ ಹಾಕಿ ತಿರುಗಿಸಿದೆ. ಒತ್ತಕ್ಷರ ಅಲ್ಲಲ್ಲಿ ಎದ್ದು ಹೋಗಿತ್ತು. ಸಾಮಾನ್ಯ ಲೇಖನ ಆಗಿದ್ರೆ ಊಹೆ ಮಾಡಿ ಓದಬಹುದು. ಇದು ಉಪಭಾಷೆಯ ಪ್ರಬಂಧ, ಒಂದು ದೀರ್ಘ ಹ್ರಸ್ವ ಆದ್ರೂ ಪದವೇ ಬೇರೆ. ಎರಡು ಶನಿವಾರ ಕೂತು ಕೈಯಲ್ಲೇ ತಿದ್ದಿದ್ವಿ.

ದೊಡ್ಡ ಸಂಸ್ಥೆಗಳು ಏನೂ ಮಾಡ್ತಿಲ್ಲ ಅಂತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಗೂಗಲ್ ಜೊತೆ ಸೇರಿ ‘ವಾಣಿ’ ಅನ್ನೋ ಯೋಜನೆ ಮಾಡ್ತಿದೆ. ಜಿಲ್ಲೆಜಿಲ್ಲೆಯಿಂದ ಜನರ ದನಿ ಸಂಗ್ರಹಿಸಿ ಎಲ್ಲರಿಗೂ ಮುಕ್ತವಾಗಿ ಕೊಡ್ತಾರೆ. ಒಂದು ಚಿತ್ರ ತೋರಿಸ್ತಾರೆ, ಅದರ ಬಗ್ಗೆ ಜನ ಮಾತಾಡ್ತಾರೆ. ಯಂತ್ರಕ್ಕೆ ಕಲಿಸೋಕೆ ಇದು ಬಹಳ ಒಳ್ಳೇ ದಾರಿ, ಬೇಕೇಬೇಕು. ಆದ್ರೆ ಫೋನಿನಲ್ಲಿ ಚಿತ್ರ ನೋಡ್ತಾ, ರೆಕಾರ್ಡ್ ಆಗ್ತಿದೆ ಅಂತ ಗೊತ್ತಿದ್ದು ಮಾತಾಡುವಾಗ ನಮ್ಮ ಕಡೆಯವರು ಯಾವ ಕನ್ನಡ ಆಡ್ತಾರೆ? ಶಾಲೆ ಕನ್ನಡ. ಅಪರಿಚಿತರ ಮುಂದೆ ಮನೆಮಾತು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳತ್ತೆ. ಜಿಲ್ಲೆ ಅನ್ನೋ ಅಳತೆಯೂ ದೊಡ್ಡದಾಯ್ತು. ನಮ್ಮಲ್ಲಿ ಒಂದೇ ಅಂಗಳಕ್ಕೆ ಮೂರು ಮಾತು.

ಇದರ ಪರಿಣಾಮ ಏನು ಅಂತ ನನಗೆ ಗೊತ್ತಾದದ್ದು ಅಮ್ಮಮ್ಮನ ಒಂದು ರೆಕಾರ್ಡಿಂಗಿನಿಂದ.

ಕೆಲವು ವರ್ಷದ ಹಿಂದೆ ಅಮ್ಮಮ್ಮ ಆಪರೇಶನ್ ಆಗಿ ಶಿವಮೊಗ್ಗದ ಚಿಕ್ಕಮ್ಮನ ಮನೆಯಲ್ಲಿದ್ರು. ನಾನು ನೋಡೋಕೆ ಹೋದಾಗ ಅವರು ಊರಿಗೆ ಫೋನಿನಲ್ಲಿ ಮಾತಾಡ್ತಿದ್ರು. ಸುಮ್ಮನೆ ನನ್ನ ಫೋನಿನಲ್ಲಿ ರೆಕಾರ್ಡ್ ಒತ್ತಿದೆ. ಮೂರು ನಿಮಿಷ. ಹಿಂದೆ ಕುಕ್ಕರ್ ಸೀಟಿ, ಟಿವಿ ಧಾರಾವಾಹಿ. ಮಾತು ಮುಗಿದ ಮೇಲೆ ನೋಡಿ ‘ಎಂತದಾ ಮಾಣಿ, ಯನ್ನ ಮಾತು ಹಿಡ್ಕಂಡು ಎಂತ ಮಾಡ್ತೆ?’ ಅಂತ ನಕ್ಕರು. ಆ ಫೈಲನ್ನ ಮನೆಯವರ ಗುಂಪಿಗೆ ವಾಟ್ಸ್ಯಾಪಿನಲ್ಲಿ ಹಾಕಿದೆ. ಆಮೇಲೆ ಫೋನ್ ಬದಲಾಯ್ತು. ಮೂಲ ಫೈಲ್ ಹೋಯ್ತು, ವಾಟ್ಸ್ಯಾಪ್ ಹಿಂಡಿ ಸಣ್ಣ ಮಾಡಿದ್ದು ಮಾತ್ರ ಉಳೀತು. ತಾರೀಖು ಬರೆದಿಟ್ಟಿರಲಿಲ್ಲ.

ಗೆಳತಿ ಕೇಳಿದಾಗ ನನ್ನ ಹತ್ರ ಇದ್ದ ‘ಹಳೇ ರೆಕಾರ್ಡಿಂಗ್’ ಅದೊಂದೇ. ಮೊದಲು ಒಂದು ಆ್ಯಪಿಗೆ ಹಾಕಿ ನೋಡಿದೆ, ದನಿಯನ್ನ ಬರಹ ಮಾಡಿ ಇಂಗ್ಲಿಷಿಗೂ ಅನುವಾದ ಮಾಡೋದು. ಅಮ್ಮಮ್ಮ ಹೇಳಿದ್ದು: ‘ಅಡಕೆ ಸುಲಿಯದು ಮುಗಿಯದ್ರೊಳಗೆ ಮನೆಗೆ ಬತ್ತಿ.’ ಆ್ಯಪು ಅದನ್ನ ಅಡಿಕೆ ಮತ್ತು ಮನೆಯ ದೀಪದ ಬತ್ತಿ ಅಂತ ಮಾಡಿತು. ನಕ್ಕಿದ್ದೇ ನಕ್ಕಿದ್ದು. ಗೆಳತಿ ಅದನ್ನ ಕೈಯಲ್ಲಿ ತಿದ್ದಿದ್ಲು. ಮಂಡ್ಯದ ಕಿವಿಗೆ ‘ಬತ್ತಿ’ ಅಂದ್ರೆ ‘ನೀನು ಬರ್ತೀಯ’. ಹಾಗಾಗಿ ಅವಳು ಬರೆದದ್ದು: ‘ಅಡಿಕೆ ಸುಲಿಯೋದು ಮುಗಿಯೋದ್ರೊಳಗೆ (ನೀನು) ಮನೆಗೆ ಬರ್ತೀಯ.’

ಅದು ತಪ್ಪು. ಸಾಗರದ ಕಡೆ ಹವ್ಯಕರಲ್ಲಿ ‘ಆನು ಬತ್ತಿ, ನೀನು ಬತ್ತೆ’. ನಾನು ಅಂದ್ರೆ ಇಕಾರ, ನೀನು ಅಂದ್ರೆ ಎಕಾರ. ಮಂಡ್ಯದ್ದಕ್ಕೆ ಸರಿಯಾಗಿ ತಿರುಗಾಮುರುಗಾ. ಕನ್ನಡದಲ್ಲಿ ‘ನಾನು’, ‘ನೀನು’ ಬಿಟ್ಟು ಮಾತಾಡೋದೇ ಹೆಚ್ಚು, ಕ್ರಿಯಾಪದದ ಬಾಲವೇ ಯಾರು ಅಂತ ಹೇಳಬೇಕು. ದಕ್ಷಿಣ ಕನ್ನಡದ ಹವ್ಯಕರ ಪುಸ್ತಕ ಹಿಡಿದ್ರೂ ಇಲ್ಲಿ ಪೂರ್ತಿ ಸಹಾಯ ಆಗಲ್ಲ. ಅವರದ್ದು ‘ಆನು ಬತ್ತೆ’. ನಮ್ಮಲ್ಲಿ ‘ಹೋಗವು’ ಅಂದ್ರೆ ಹೋಗಬೇಕು, ಅವರಲ್ಲಿ ಅದೇ ‘ಹೋಯೆಕ್ಕು’. ಹವ್ಯಕ ಅನ್ನೋ ಒಂದೇ ಹಣೆಪಟ್ಟಿ, ಒಳಗೆ ಬೇರೆಬೇರೆ ಬಾಲ.

ಅಮ್ಮಮ್ಮ ಹೇಳಿದ್ದು ‘ನಾನು ಮನೆಗೆ ಬರ್ತೀನಿ’ ಅಂತ. ಅವರು ಬರಲಿಲ್ಲ. ಆ ವರ್ಷ ಸುಲಿಯೋದು ಮುಗಿಯೋದ್ರೊಳಗೆ ಶಿವಮೊಗ್ಗದಲ್ಲೇ ತೀರಿಕೊಂಡ್ರು. ಮುಂದೆ ಒಂದು ದಿನ ನನ್ನ ಮಗಳು ಆ ಫೈಲನ್ನ ಕೇಳಬಹುದು, ಜೊತೆಗಿರೋ ಬರಹವನ್ನ ಓದಬಹುದು. ಮನೆಗೆ ಬರಬೇಕು ಅಂದುಕೊಂಡಿದ್ದು ಯಾರು ಅನ್ನೋದು ಅವಳಿಗೆ ಉಲ್ಟಾ ಗೊತ್ತಾಗೋದು ನನಗೆ ಬೇಡ.

ಅದಕ್ಕೇ ಇಷ್ಟುದ್ದ ಬರೆದೆ. ಇದು ಪಿಎಚ್‌ಡಿ ಮಾಡೋರ ತಲೆನೋವು ಅಂತ ನಾವು ಬೆಂಗಳೂರಿನಲ್ಲಿ ಕೂತವರು ಅಂದುಕೊಳ್ತೀವಿ. ಅವರಿಗೆ ಬೇಕಾದ ಆಕರ ಇರೋದು ನಮ್ಮ ಮನೆಗಳಲ್ಲಿ. ಅವರಿಗೆ ಬೇಕಾದ ಟೂಲು ಬಳಸೋಕೆ ಬರೋದು ನಮಗೆ. ಹಬ್ಬಕ್ಕೆ ಊರಿಗೆ ಹೋದಾಗ ಅಡಿಕೆ ರೇಟು ಕೇಳ್ತೀವಿ, ಸರಕೆಷ್ಟು ಬೆಟ್ಟೆ ಎಷ್ಟು ರಾಶಿ ಎಷ್ಟು ಅಂತ. ಅದೇ ಜಗಲಿಯಲ್ಲಿ ಫೋನ್ ಇಟ್ಟು, ಕೇಳಿ ಒಪ್ಪಿಗೆ ತಗೊಂಡು, ಟಿವಿ ಆರಿಸಿ, ಅರ್ಧ ಗಂಟೆ ಮಾತಾಡಿಸಬಹುದು. ರೆಕಾರ್ಡಿಂಗಿನ ಸೆಟ್ಟಿಂಗ್ಸಿನಲ್ಲಿ ಹಿಂಡದ ‘ವೇವ್’ ಫೈಲು ಆರಿಸಬೇಕು, ಎಂಪಿತ್ರೀ ಅಲ್ಲ. ಕಳಿಸೋದಾದ್ರೆ ವಾಟ್ಸ್ಯಾಪ್ ದನಿಯಾಗಿ ಕಳಿಸಬಾರದು. ಶುರುವಿನಲ್ಲೇ ಬಾಯಲ್ಲಿ ಹೇಳಿಬಿಡಿ: ಇವತ್ತು ಇಂಥ ತಾರೀಖು, ಇಂಥ ಊರು, ಮಾತಾಡ್ತಿರೋರು ಇವರು, ಹುಟ್ಟಿದ ಊರು ಇದು, ಮದುವೆಯಾಗಿ ಬಂದದ್ದು ಇಲ್ಲಿಗೆ. ಹೊಸನಗರ, ಸಾಗರದ ಕಡೆ ಆದ್ರೆ ಇನ್ನೊಂದು ಪ್ರಶ್ನೆ ಸೇರಿಸಿ: ಮುಳುಗಡೆಗೆ ಮುಂಚೆ ಎಲ್ಲಿದ್ರಿ? 1964ರಲ್ಲಿ ಲಿಂಗನಮಕ್ಕಿ ನೀರು ಬಂದು ಊರುಗಳು ಎದ್ದು ಹೋದವು. ಯಾವ ಮಾತು ಎಲ್ಲಿಂದ ಎಲ್ಲಿಗೆ ಹೋಯ್ತು ಅಂತ ಹೇಳಬಲ್ಲವರಿಗೆ ಈಗ ಎಪ್ಪತ್ತು ಎಂಬತ್ತು.

ಆಮೇಲೆ ಅದನ್ನ ಕೇಳಿದವರಿಗೆ ಕೊಡಿ. ತಗೊಂಡವರು ಕಂಸ ಹಾಕಿ. ಇಷ್ಟೇ ನಿಯಮ.

ನನ್ನ ಗೆಳತಿ ಈಗ ಫೈಲಿನಲ್ಲಿ ‘ಬತ್ತಿ’ಯ ಕೆಳಗೆ ‘ಉತ್ತಮ ಪುರುಷ, ಏಕವಚನ’ ಅಂತ ತಿದ್ದಿದ್ದಾಳೆ. ಪಕ್ಕದಲ್ಲಿ ಅಮ್ಮಮ್ಮನ ಊರು ಇದೆ. ಮನೆಯವರ ಒಪ್ಪಿಗೆ ಮಾವ ಕೊಟ್ಟರು. ಮೊನ್ನೆ ಫೋನ್ ಮಾಡಿ, ‘ನಿಮ್ಮನೆ ಮಾತು ಒಂದು ಮಟ್ಟಕ್ಕೆ ಆಯ್ತು. ಅಡಿಕೆ ಸುಲಿಯೋಕೆ ಬರ್ತಾರೆ ಅಂದ್ಯಲ್ಲ, ಅವರನ್ನ ಮಾತಾಡಿಸಬೇಕು. ಯಾರದ್ದಾದ್ರೂ ನಂಬರ್ ಕೊಡು’ ಅಂದ್ಲು.

ಫೋನಿನಲ್ಲಿ ಹುಡುಕಿದೆ. ಮೂವತ್ತು ವರ್ಷದಿಂದ ನಮ್ಮ ಅಂಗಳಕ್ಕೆ ಬರ್ತಿರೋರು, ನನ್ನನ್ನ ಎತ್ತಿ ಆಡಿಸಿದವರು. ಒಬ್ಬರ ನಂಬರೂ ನನ್ನ ಹತ್ರ ಇರಲಿಲ್ಲ. ಅಪ್ಪಯ್ಯನಿಗೆ ಫೋನ್ ಮಾಡಿ ಕೇಳಿದ್ದೀನಿ. ಸುಲಿಯೋಕೆ ಶುರುವಾಗೋ ಹೊತ್ತಿಗೆ ನಾವಿಬ್ಬರೂ ಊರಿಗೆ ಹೋಗ್ತಿದ್ದೀವಿ.